ಖಾಲಿ ಫೈಲಿನ ಮೊದಲ ಸಾಲು

ಆಫೀಸಿನಲ್ಲಿ ಎಲ್ಲರೂ ಅವಳನ್ನು ತಂತಿ ಅಕ್ಕ ಎನ್ನುತ್ತಿದ್ದರು. ತಂತಿಯಂತೆ ತೆಳ್ಳಗಿದ್ದಾಳೆ ಎಂದಲ್ಲ. ಹಾಗೆ ನೋಡಿದರೆ ಆಫೀಸಿನ ಮೆಟ್ಟಿಲು ಹತ್ತಿ ಮುಗಿಸುವಷ್ಟರಲ್ಲಿ ಎರಡು ಕಡೆ ನಿಂತು, ಗೋಡೆಗೆ ಅಂಟಿಸಿದ ಅದೇ ಹಳೇ ಜಾಹೀರಾತನ್ನು ಓದುವ ನೆಪದಲ್ಲಿ ಉಸಿರು ತೆಗೆದುಕೊಳ್ಳುವ ಮೈ ಅವಳದು. ಹೆಸರು ಬಂದದ್ದು ಕೆಲಸದಿಂದ. ಯಾವ ಪ್ರೋಗ್ರಾಮನ್ನು ಯಾವ ಡೇಟಾಬೇಸಿಗೆ ಜೋಡಿಸಬೇಕಾದರೂ, ಜೋಡಣೆ ಕೂಡದೆ ಪರದೆಯ ತುಂಬ ಕೆಂಪು ಅಕ್ಷರ ಬಂದರೂ, ಕೊನೆಗೆ ಎಲ್ಲರೂ ಬಂದು ನಿಲ್ಲುತ್ತಿದ್ದದ್ದು ಅವಳ ಮೇಜಿನ ಮುಂದೆ.

"ಅಕ್ಕಾ, ಕನೆಕ್ಷನ್ ಆಗ್ತಾನೇ ಇಲ್ಲ."

"ಆಗ್ತಿಲ್ಲ ಅಂತ ಅದಕ್ಕೆ ಬೈದ್ಯಾ? ನಡಿ, ನಾನು ನೋಡ್ತೀನಿ."

ಹೀಗೆಂದು ಅವರ ಕುರ್ಚಿಯಲ್ಲಿ ತಾನು ಕೂತು, ಚಪ್ಪಲಿ ಬಿಟ್ಟು, ಕಾಲು ಮಡಿಚಿಕೊಂಡು ಶುರುಮಾಡುತ್ತಿದ್ದಳು. ಅವಳು ಚಪ್ಪಲಿ ಬಿಟ್ಟಳು ಎಂದರೆ ಕೆಲಸ ಆಯಿತು ಎಂದೇ ಲೆಕ್ಕ.

ಆಫೀಸು ಇದ್ದದ್ದು ಒಂದು ಸೈಕಲ್ ರಿಪೇರಿ ಅಂಗಡಿಯ ಮೇಲೆ. ಕಿಟಕಿ ತೆರೆದರೆ ಪಂಕ್ಚರ್ ಅಂಟಿನ ವಾಸನೆ, ಮುಚ್ಚಿದರೆ ಒಬ್ಬರ ಬೆವರು ಇನ್ನೊಬ್ಬರಿಗೆ. ಬಟ್ಟೆ ಒಗೆಯುವ ಅಂಗಡಿ, ವಾಚನಾಲಯ, ಡ್ರೈವಿಂಗ್ ಶಾಲೆ, ಔಷಧಿ ಅಂಗಡಿ, ಹೀಗೆ ದೊಡ್ಡ ಕಂಪನಿಗಳು ಮೂಸಿಯೂ ನೋಡದ ಗಿರಾಕಿಗಳಿಗೆ ಪುಟ್ಟ ಪುಟ್ಟ ಸಾಫ್ಟ್‌ವೇರ್ ಬರೆದುಕೊಡುವುದು ಅವರ ಕಸುಬು. ಯಜಮಾನರು ಒಳ್ಳೆಯವರೇ, ಆದರೆ ಗಿರಾಕಿ ಏನು ಕೇಳಿದರೂ "ನಾಳೆ ಕೊಟ್ಟುಬಿಡ್ತೀವಿ" ಎನ್ನುವುದು ಅವರ ಬಾಯಿಗೆ ಅಂಟಿದ ಚಟ. ಆ ನಾಳೆಯನ್ನು ಹೊರುತ್ತಿದ್ದವಳು ತಂತಿ.

ಇಂಥ ಕೆಲಸಗಳಿಗೆ ಭಾರೀ ಡೇಟಾಬೇಸ್ ಬೇಕಿಲ್ಲ. ಭಾರೀ ಡೇಟಾಬೇಸ್ ಎಂದರೆ ದೊಡ್ಡ ಕಚೇರಿ ಇದ್ದಂತೆ: ಬಾಗಿಲಲ್ಲಿ ಕಾವಲುಗಾರ, ಹೆಸರು ಹೇಳು, ಪಾಸ್‌ವರ್ಡ್ ಹೇಳು, ಹೇಳದಿದ್ದರೆ ಹೊರಗೇ ನಿಲ್ಲು. ತಂತಿ ಜೋಡಿಸುತ್ತಿದ್ದದ್ದು ಹಗುರ ಜಾತಿಯದು. ಇಡೀ ಡೇಟಾಬೇಸೇ ಒಂದು ಫೈಲು. ಯಾವುದೋ ಫೋಲ್ಡರಿನಲ್ಲಿ ತೆಪ್ಪಗೆ ಬಿದ್ದಿರುತ್ತದೆ. ಅದು ಎಲ್ಲಿದೆ ಎಂಬ ದಾರಿಯನ್ನು ಪ್ರೋಗ್ರಾಮಿನೊಳಗೆ ಒಂದೇ ಸಾಲಿನಲ್ಲಿ ಬರೆದುಕೊಟ್ಟರೆ ಕನೆಕ್ಷನ್ ಆಯಿತು. ಕಾವಲೂ ಇಲ್ಲ, ಪಾಸ್‌ವರ್ಡೂ ಇಲ್ಲ. ಆದರೆ ಅದಕ್ಕೆ ಒಂದು ಕೆಟ್ಟ ಚಾಳಿ. ದಾರಿ ತಪ್ಪಾಗಿ ಬರೆದರೆ, ಆ ದಾರಿಯ ಕೊನೆಯಲ್ಲಿ ಫೈಲೇ ಇಲ್ಲದಿದ್ದರೆ, ಅದು 'ಇಲ್ಲ' ಎಂದು ಹೇಳುವುದಿಲ್ಲ. ಅದೇ ಹೆಸರಿನ ಹೊಸ ಖಾಲಿ ಫೈಲೊಂದನ್ನು ಅಲ್ಲೇ ಆ ಕ್ಷಣವೇ ಹುಟ್ಟಿಸಿ, 'ಇದ್ದೀನಿ, ಬಾ' ಎನ್ನುತ್ತದೆ.

ಹೊಸದಾಗಿ ಸೇರಿದವರಿಗೆ ಇದನ್ನು ಹೇಳಿಕೊಡುವಾಗ ತಂತಿಯ ದನಿ ಸ್ವಲ್ಪ ತಗ್ಗುತ್ತಿತ್ತು. "ಕೆಂಪು ಅಕ್ಷರ ಬಂದ್ರೆ ಹೆದರಬೇಡಿ. ಹಸಿರು ಬಂದಾಗ ಹೆದರಿ. ಕನೆಕ್ಟ್ ಆಯ್ತು ಅಂತ ಹೇಳತ್ತೇ ಹೊರತು ಯಾವುದಕ್ಕೆ ಅಂತ ಹೇಳಲ್ಲ. ಒಳಗೆ ಯಾರಾದ್ರೂ ಇದಾರಾ ಅಂತ ಮೊದಲು ನೋಡ್ಕೊಳ್ಳಿ."

ಹೊಸ ಕೆಲಸದಲ್ಲಿ ಒಳಗೆ ಇನ್ನೂ ಯಾರೂ ಇರುವುದಿಲ್ಲ, ಆಗ ಜೋಡಣೆ ಪರೀಕ್ಷಿಸುವ ಉಪಾಯ ಸುಲಭ. ಖಾಲಿ ಫೈಲಿನಲ್ಲಿ ಒಂದು ಸಾಲು ಬರೆಯುವುದು, ಮತ್ತೆ ಅದನ್ನೇ ಓದುವುದು. ಬರೆದದ್ದು ವಾಪಸು ಬಂದರೆ ಜೋಡಣೆ ಗಟ್ಟಿ. ಈ ಕಸುಬಿನವರೆಲ್ಲ ಮಾಡುವುದು ಇದನ್ನೇ. ಕೆಲವರು ಅಆಇಈ ಎಂದು ಬರೆಯುತ್ತಾರೆ. ಸಿಟ್ಟು ಬಂದ ದಿನ ಕೆಲವರು ಯಜಮಾನರ ಹೆಸರು ಬರೆದು, ಅದರ ಹಿಂದೆ ಯಾವುದಾದರೂ ಪ್ರಾಣಿಯನ್ನು ಸೇರಿಸುತ್ತಾರೆ. ತಂತಿ ಮಾತ್ರ ಕೆಲಸಕ್ಕೆ ಸೇರಿದಾಗಿನಿಂದ ಒಂದೇ ಹೆಸರು ಬರೆಯುತ್ತಿದ್ದಳು: ಮಿಡತೆ.

ಮಿಡತೆ ಬಟ್ಟೆ ಒಗೆಯುವ ಅಂಗಡಿಯಲ್ಲಿ ಅಂಗಿಗಳನ್ನು ಇಸ್ತ್ರಿಗೆ ಕೊಟ್ಟಿದ್ದ. ವಾಚನಾಲಯದಿಂದ ಪುಸ್ತಕ ಒಯ್ದು ವಾಪಸು ಕೊಡುವುದನ್ನು ಮರೆತಿದ್ದ. ಡ್ರೈವಿಂಗ್ ಶಾಲೆಯಲ್ಲಿ ಒಮ್ಮೆ ಫೇಲಾಗಿ, ಹಲ್ಲು ಕಚ್ಚಿ ಕಲಿತು ಪಾಸಾಗಿದ್ದ. ಔಷಧಿ ಅಂಗಡಿಯಲ್ಲಿ ಅವನಿಗೆ ಬರೀ ಕೆಮ್ಮಿನ ಔಷಧಿ. ಅದಕ್ಕಿಂತ ದೊಡ್ಡ ಕಾಯಿಲೆಯನ್ನು ತಂತಿ ಅವನಿಗೆ ಎಂದೂ ಕೊಟ್ಟವಳಲ್ಲ. ಹುಟ್ಟಿದ ದಿನ ಪ್ರತಿ ಸಲವೂ ಒಂದೇ ಬರೆಯುತ್ತಿದ್ದುದರಿಂದ ವಯಸ್ಸನ್ನು ಪ್ರೋಗ್ರಾಮೇ ಲೆಕ್ಕ ಹಾಕುತ್ತಿತ್ತು. ಹಾಗಾಗಿ ಅವನು ಅವಳ ಕಣ್ಣೆದುರೇ ಮೀಸೆ ಬರುವ ವಯಸ್ಸು ದಾಟಿ, ಕೆಲಸ ಹುಡುಕುವ ವಯಸ್ಸು ದಾಟಿ, ತಲೆಯಲ್ಲಿ ಒಂದೆರಡು ಬಿಳಿ ಕೂದಲು ಕಾಣುವ ವಯಸ್ಸಿಗೆ ಬಂದಿದ್ದ. ಮದುವೆಯಾಗಿದೆಯೇ ಎಂದು ಕೇಳುವ ಜಾಗ ಬಂದಾಗ ಮಾತ್ರ ಅವಳು ಸ್ವಲ್ಪ ಹೊತ್ತು ಯೋಚಿಸಿ, ಏನೂ ಬರೆಯದೆ ಮುಂದಕ್ಕೆ ಹೋಗುತ್ತಿದ್ದಳು.

"ಯಾರಕ್ಕಾ ಈ ಮಿಡತೆ?" ಎಂದು ಯಾರಾದರೂ ಕೇಳಿದರೆ, "ನಮ್ಮ ಹಳೇ ಗಿರಾಕಿ. ಎಲ್ಲಾ ಅಂಗಡಿಗೂ ಹೋಗ್ತಾನೆ, ಎಲ್ಲೂ ನಿಲ್ಲಲ್ಲ" ಎನ್ನುತ್ತಿದ್ದಳು. ಕೇಳಿದವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಮಿಡತೆ ಅವಳ ತಮ್ಮ.

ಕೂತಲ್ಲಿ ಕೂರದ ಹುಡುಗ. ಮೆಟ್ಟಿಲನ್ನು ಒಂದೊಂದಾಗಿ ಇಳಿದದ್ದನ್ನು ಯಾರೂ ಕಂಡಿರಲಿಲ್ಲ. ಅದಕ್ಕೇ ಮನೆಯಲ್ಲಿ ಆ ಹೆಸರು. ಶಾಲೆಯಲ್ಲಿ ಬೇರೆ, ಗಂಭೀರವಾದ ಹೆಸರೊಂದಿತ್ತು. ಮಿಡತೆ ಎಂಬುದು ಆ ಮನೆಯ ನಾಲ್ಕು ಜನಕ್ಕೆ ಬಿಟ್ಟರೆ ಹೊರಗಿನ ಒಬ್ಬರಿಗೂ ಗೊತ್ತಿರಲಿಲ್ಲ. ಅವನಿಗೆ ಹನ್ನೊಂದು ವರ್ಷವಿದ್ದಾಗ, ನೆಂಟರ ಮನೆಯಿಂದ ರೈಲಿನಲ್ಲಿ ವಾಪಸು ಬರುತ್ತಿದ್ದ ಮಧ್ಯಾಹ್ನ, ನೀರಿನ ಬಾಟಲಿ ಹಿಡಿದು ಒಂದು ಸ್ಟೇಷನ್ನಿನಲ್ಲಿ ಇಳಿದ. ರೈಲು ಹೊರಟಿತು. ಅವನು ಬರಲಿಲ್ಲ.

ಯಾರೂ ಗಾಬರಿಯಾಗಲಿಲ್ಲ. ಆ ಮನೆಯವರನ್ನು ಒಳಗೊಳಗೇ ತಿಂದುಹಾಕಿದ್ದು ಇದೇ ಸಂಗತಿ. ಹೊರಟ ರೈಲಿನ ಕೊನೆಯ ಡಬ್ಬಿಗೆ ಹಾರಿ ಹತ್ತಿ, ಒಳಗಿಂದೊಳಗೇ ನಡೆದು ಬಂದು, ಹಿಂದಿನಿಂದ ಅಕ್ಕನ ಕಣ್ಣು ಮುಚ್ಚುವುದು ಅವನ ಆಟ. ಹೋಗುವಾಗಲೂ ಹಾಗೇ ಮಾಡಿ ಅಪ್ಪನಿಂದ ಬೈಸಿಕೊಂಡಿದ್ದ. ಆದ್ದರಿಂದ ಮುಂದಿನ ಸ್ಟೇಷನ್ ಬರುವವರೆಗೂ ಅಪ್ಪ, ಅಮ್ಮ, ಅಕ್ಕ ಮೂವರೂ ಹಿಂದಕ್ಕೆ ತಿರುಗದೆ, ಬರಲಿರುವ ನಗುವನ್ನು ತುಟಿಯಲ್ಲೇ ತಡೆದುಕೊಂಡು ಕೂತಿದ್ದರು.

ಹುಡುಕದ ಜಾಗವಿಲ್ಲ, ಕೇಳದ ಠಾಣೆಯಿಲ್ಲ. ಕೆಲವು ವರ್ಷಕ್ಕೆ ಅಪ್ಪ ತೀರಿಕೊಂಡರು. ಉಳಿದದ್ದು ಅಮ್ಮ, ಮಗಳು, ಮತ್ತು ಮುಂಗೋಣೆಯ ಮೂಲೆಯಲ್ಲೊಂದು ಫೋನು. ಆ ಫೋನಿನ ನಂಬರು ಮಿಡತೆಗೆ ಬಾಯಿಪಾಠ ಬರುತ್ತಿತ್ತು. ಕಲಿಸಿದವಳು ಅಕ್ಕನೇ, ಒಂದೊಂದು ಅಂಕಿಗೂ ಅವನ ಬೆನ್ನ ಮೇಲೆ ಒಂದೊಂದು ಗುದ್ದು ಕೊಟ್ಟು, ಹಾಡಿನಂತೆ ಹೇಳಿಸಿ ಕಲಿಸಿದ್ದಳು. ಎಲ್ಲರ ಕೈಗೂ ಮೊಬೈಲ್ ಬಂದು, ಬೀದಿಯ ಮನೆಮನೆಯ ಹಳೇ ಫೋನುಗಳೆಲ್ಲ ಗುಜರಿಗೆ ಹೋದ ಮೇಲೂ ಅಮ್ಮ ಅದನ್ನು ಬಿಡಲಿಲ್ಲ. ಎರಡು ಸಲ ಬಾಡಿಗೆ ಮನೆ ಬದಲಾಯಿಸಬೇಕಾಯಿತು. ಎರಡು ಸಲವೂ ಅಮ್ಮ ನೀರು ಬರುತ್ತದೆಯೇ, ಗಾಳಿ ಬರುತ್ತದೆಯೇ ಎಂದು ಕೇಳಲಿಲ್ಲ. ಇದೇ ನಂಬರು ಇಲ್ಲಿಗೂ ಬರುತ್ತದೆಯೇ ಎಂದು ಮಾತ್ರ ಕೇಳಿದಳು. ಹಾಗಾಗಿ ಆ ಇಬ್ಬರು ಹೆಂಗಸರ ಬದುಕು ಒಂದು ಟೆಲಿಫೋನ್ ಎಕ್ಸ್‌ಚೇಂಜಿನ ಗಡಿ ದಾಟಲೇ ಇಲ್ಲ. ತಂತಿಗೆ ಬೇರೆ ಊರಿನಿಂದ ಕೆಲಸ ಬಂದಿತ್ತು, ಒಂದು ಸಂಬಂಧವೂ ಬಂದಿತ್ತು. ಎರಡೂ ಆ ಗಡಿಯ ಆಚೆಯವು.

ಇದರ ಸಿಟ್ಟು ಅವಳಿಗೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

"ಅಮ್ಮ, ಇದನ್ನ ತೆಗೆಸಿಬಿಡೋಣ. ಸಾಲ ಬೇಕಾ ಅಂತ ಕೇಳೋರು ಬಿಟ್ರೆ ಇದಕ್ಕೆ ಯಾರೂ ಫೋನ್ ಮಾಡಲ್ಲ."

"ಇರಲಿ ಬಿಡು. ಅದೇನು ನಿನ್ನ ಊಟ ಕಿತ್ಕೊಳ್ಳತ್ತಾ?"

ಒಮ್ಮೆ ಇದೇ ಮಾತು ಬೆಳೆದು, "ಬರೋ ಹಾಗಿದ್ರೆ ಇಷ್ಟು ಹೊತ್ತಿಗೆ ಬರ್ತಿದ್ದ. ಅವನು ಬರಲ್ಲ, ಬರಲ್ಲ, ಬರಲ್ಲ!" ಎಂದು ತಂತಿ ಕಿರುಚಿಬಿಟ್ಟಿದ್ದಳು. ಅಮ್ಮ ವಾರಗಟ್ಟಲೆ ತುಟಿ ಪಿಟಕ್ಕೆನ್ನಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಮಿಡತೆ ಎಂಬ ಹೆಸರನ್ನು ಒಬ್ಬರೂ ಆಡಲಿಲ್ಲ. ಮಗಳ ಮನಸ್ಸಿನಿಂದ ತಮ್ಮ ಅಳಿಸಿಹೋಗಿದ್ದಾನೆ, ಕಾಯುವವಳು ತಾನೊಬ್ಬಳೇ ಎಂದು ಅಮ್ಮ ತೀರ್ಮಾನಿಸಿದ್ದಳು. ಮಗಳು ಅದನ್ನು ತಿದ್ದಲಿಲ್ಲ. ದಿನಾ ಹತ್ತು ಸಲ ಖಾಲಿ ಫೈಲುಗಳಲ್ಲಿ ಅವನ ಹೆಸರು ಬರೆಯುತ್ತೇನೆ, ಫೋನ್ ನಂಬರಿನ ಜಾಗ ಬಂದಾಗ ನನ್ನ ಬೆರಳು ನನ್ನನ್ನು ಕೇಳದೆ ನಮ್ಮ ಮನೆಯ ನಂಬರನ್ನೇ ಒತ್ತುತ್ತದೆ ಎಂದು ಯಾವ ಬಾಯಲ್ಲಿ ಹೇಳಬೇಕು?

ಇಂಥ ದಿನಗಳಲ್ಲಿ ಕಣ್ಣಿನ ಆಸ್ಪತ್ರೆಯ ಕೆಲಸ ಬಂತು. ಚಿಕ್ಕ ಆಸ್ಪತ್ರೆ, ಇಬ್ಬರು ಡಾಕ್ಟರು, ಕೌಂಟರಿನಲ್ಲಿ ಒಬ್ಬಾಕೆ. ಬಂದವರ ಹೆಸರು, ವಯಸ್ಸು, ಕಣ್ಣಿನ ಪವರು ಬರೆದುಕೊಳ್ಳಬೇಕು. ಮರುದಿನ ಬರಬೇಕಾದವರಿಗೆ ಸಂಜೆ ಐದಕ್ಕೆ ಕಂಪ್ಯೂಟರೇ ಫೋನ್ ಮಾಡಿ, ಇಂಥವರು ಇಷ್ಟು ಗಂಟೆಗೆ ಬರಬೇಕು ಎಂದು ಹೇಳಬೇಕು. ಯಜಮಾನರು ಎಂದಿನಂತೆ ನಾಳೆ ಎಂದರು.

ತಂತಿ ಆ ಅವಸರದಲ್ಲಿ ಎರಡು ಕೆಲಸ ಮಾಡಿದಳು. ಫೈಲಿನ ದಾರಿಯನ್ನು ಪೂರ್ತಿ ಬರೆಯದೆ, 'ನೀನು ಯಾವ ಫೋಲ್ಡರಿನಲ್ಲಿ ಇದ್ದೀಯೋ ಅಲ್ಲೇ ನೋಡಿಕೋ' ಎಂದು ಬರೆದಳು. ಹಾಗೆ ಬರೆದರೆ ಅವಳ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ, ಆಸ್ಪತ್ರೆಯಲ್ಲೂ ನಡೆಯುತ್ತದೆ. ಎರಡನೆಯದು, ಪರೀಕ್ಷೆ ಮಾಡುವಾಗ ಹತ್ತಾರು ಸಲ ಫೈಲು ಅಳಿಸಿ ಹೊಸದು ಮಾಡಬೇಕಿತ್ತು. ಪ್ರತಿ ಸಲ ಮಿಡತೆಯನ್ನು ಬರೆದು ಬರೆದು ಸಾಕಾಗಿ, ಆ ಕೆಲಸವನ್ನೂ ಪ್ರೋಗ್ರಾಮಿಗೇ ವಹಿಸಿದಳು. ಫೈಲು ಖಾಲಿಯಿದ್ದರೆ ಮೊದಲ ಸಾಲಿನಲ್ಲಿ ತಾನಾಗಿ ಮಿಡತೆ ಬರಲಿ: ಹುಟ್ಟಿದ ದಿನ, ಮನೆಯ ಫೋನು, ದೂರದ್ದು ಕಾಣದ ಕಣ್ಣು, ನಾಳೆ ಬೆಳಗ್ಗೆ ಹತ್ತು ಗಂಟೆಗೆ ಭೇಟಿ. ಅವಳ ಲ್ಯಾಪ್‌ಟಾಪಿಗೆ ಫೋನ್ ಲೈನು ಜೋಡಿಸಿರಲಿಲ್ಲ, ಹಾಗಾಗಿ ಪರೀಕ್ಷೆಯ ಕರೆ ಎಲ್ಲಿಗೂ ಹೋಗುತ್ತಿರಲಿಲ್ಲ. ಆಸ್ಪತ್ರೆಗೆ ಕೊಡುವ ಮುಂಚೆ ಆ ಸಾಲುಗಳನ್ನು ತೆಗೆಯಬೇಕಿತ್ತು. ತೆಗೆಯಲಿಲ್ಲ. ಅಲ್ಲಿಯ ಫೈಲಿನಲ್ಲಿ ಹಳೇ ರಿಜಿಸ್ಟರಿನ ರೋಗಿಗಳನ್ನು ಮೊದಲೇ ತುಂಬಿಸಿ ಕೊಡುತ್ತೇವೆ, ಅದು ಎಂದೂ ಖಾಲಿಯಾಗುವುದಿಲ್ಲ, ಇರಲಿ ಬಿಡು ಎಂದುಕೊಂಡಳು. ಅವನನ್ನು ತೆಗೆಯಲು ಮನಸ್ಸು ಬರಲಿಲ್ಲ ಎಂಬುದೂ ಅಷ್ಟೇ ನಿಜ.

ತಿಂಗಳುಗಟ್ಟಲೆ ಎಲ್ಲ ಸರಿಯಾಗಿಯೇ ನಡೆಯಿತು.

ಒಂದು ಸಂಜೆ ತಂತಿ ಮನೆಗೆ ಬಂದಾಗ ಎಲ್ಲ ಕೋಣೆಯ ದೀಪಗಳೂ ಉರಿಯುತ್ತಿದ್ದವು. ಒಂದು ದೀಪ ಹೆಚ್ಚಿಗೆ ಉರಿದರೆ ಗೊಣಗುವ ಅಮ್ಮ, ಮುಂಗೋಣೆಯಲ್ಲಿ ಮೇಜಿನ ಮೇಲೆ ಕಂಬಳಿ ಹಾಸಿ ತನ್ನ ಒಳ್ಳೆಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಮುಖ ಕೆಂಪಾಗಿತ್ತು.

"ಬಂದ್ಯಾ? ಬಾಗಿಲು ಹಾಕು. ಕೂತ್ಕೋ. ಇಲ್ಲ, ಮೊದಲು ನೀರು ಕುಡಿ."

"ಏನಾಯ್ತಮ್ಮ?"

"ಫೋನ್ ಬಂದಿತ್ತು."

ತಂತಿ ನಗಲು ನೋಡಿದಳು. "ಸಾಲ ಬೇಕಾ ಅಂದ್ರಾ?"

"ಯಾರೋ ಹೆಂಗಸು. ಎಷ್ಟು ಮರ್ಯಾದೆಯಿಂದ ಮಾತಾಡಿದ್ಳು ಗೊತ್ತಾ. ಮಿಡತೆ ಅವರು ನಾಳೆ ಬೆಳಗ್ಗೆ ಹತ್ತು ಗಂಟೆಗೆ ಕಣ್ಣಿನ ಆಸ್ಪತ್ರೆಗೆ ಬರಬೇಕು ಅಂದ್ಳು. ಮಿಡತೆ ಅಂದ್ಳು ಕಣೇ! ನಾನು ಎಲ್ಲಿದಾನೆ, ಹೇಗಿದಾನೆ ಅಂತ ಕೇಳ್ತಾನೇ ಇದ್ದೆ, ಅವಳು ಅದನ್ನೇ ಇನ್ನೊಂದು ಸಲ ಹೇಳಿ ಇಟ್ಟುಬಿಟ್ಟಳು."

ತಂತಿ ಕುರ್ಚಿ ಎಳೆದು ಕೂತಳು. ಆ ಮರ್ಯಾದೆಯ ಹೆಂಗಸು ಕಂಪ್ಯೂಟರಿನ ದನಿ ಎಂದು ಅವಳಿಗೆ ಗೊತ್ತು. ಎರಡು ಸಲ ಹೇಳಿ ಇಡು ಎಂದು ಬರೆದವಳೇ ಅವಳು. ಆಸ್ಪತ್ರೆಯ ಫೈಲು ಹೇಗೆ ಖಾಲಿಯಾಯಿತು, ಅದು ಮಾತ್ರ ಗೊತ್ತಾಗಲಿಲ್ಲ.

"ಅಮ್ಮ, ಅದು..."

"ಆ ಹೆಸರು ನಮಗೆ ಬಿಟ್ಟು ಇನ್ಯಾರಿಗೆ ಗೊತ್ತು, ಹೇಳು? ಅವನೇ ಕೊಟ್ಟಿರಬೇಕು. ನಂಬರೂ ಅವನೇ ಕೊಟ್ಟಿರಬೇಕು. ಇನ್ನೂ ನೆನಪಿಟ್ಕೊಂಡಿದಾನೆ. ನೀನು ಗುದ್ದಿ ಗುದ್ದಿ ಕಲಿಸಿದ್ದು." ಅಮ್ಮ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಮಗಳ ಕೆನ್ನೆ ಮುಟ್ಟಿದಳು. ಎಷ್ಟೋ ವರ್ಷಗಳಿಂದ ಹಾಗೆ ಮುಟ್ಟಿರಲಿಲ್ಲ. "ಕಣ್ಣಿಗೆ ಏನಾಗಿದೆಯೋ ಪಾಪ. ನೀನೂ ರಜೆ ಹಾಕು. ಇಬ್ಬರೂ ಹೋಗೋಣ."

ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಬಾಯಿ ತೆರೆದಾಗಲೆಲ್ಲ ಅಮ್ಮನ ಮುಖ ಕಾಣುತ್ತಿತ್ತು. ಅಮ್ಮ ಅಡುಗೆಮನೆಯಲ್ಲಿ ಯಾವುದೋ ಹಳೆಯ ರಾಗ ಗುನುಗುತ್ತಿದ್ದಳು. ಪಾತ್ರೆ ಬಿದ್ದರೂ ನಗುತ್ತಿದ್ದಳು. ಊಟಕ್ಕೆ ಕೂತಾಗ, ಮುಖ ಬದಲಾಗಿರುತ್ತದೆ, ಆದರೆ ಕಿವಿ ಬದಲಾಗುವುದಿಲ್ಲ, ಕಿವಿ ನೋಡಿ ಕಂಡುಹಿಡಿಯುತ್ತೇನೆ ಎಂದು ತನ್ನ ಲೆಕ್ಕಾಚಾರವನ್ನು ಹೇಳಿದಳು. ತಂತಿ ತಟ್ಟೆಯಿಂದ ತಲೆ ಎತ್ತಲಿಲ್ಲ. ಬೆಳಗ್ಗೆ ಬೇಗ ಹೋಗಿ ಆ ಸಾಲನ್ನು ಅಳಿಸಿಬಿಡುತ್ತೇನೆ, ಅಂಥವರು ಯಾರೂ ಇಲ್ಲ ಎಂದು ಕೌಂಟರಿನಾಕೆಯಿಂದಲೇ ಹೇಳಿಸುತ್ತೇನೆ ಎಂದು ಹೇಡಿಯಂತೆ ಯೋಚಿಸಿದಳು. ಆದರೆ ಬೆಳಗ್ಗೆ ಅವಳು ಏಳುವಷ್ಟರಲ್ಲಿ ಅಮ್ಮ ಇಸ್ತ್ರಿ ಹಾಕಿದ ಬಟ್ಟೆ ಉಟ್ಟು, ಚಪ್ಪಲಿ ಮೆಟ್ಟಿ, ಬಾಗಿಲ ಬಳಿ ನಿಂತಿದ್ದಳು.

ಆಸ್ಪತ್ರೆಯಲ್ಲಿ ಆಗಲೇ ಗಲಾಟೆ. ಬೆಂಚುಗಳು ತುಂಬಿದ್ದವು, ಕೆಲವರು ಕಣ್ಣಿಗೆ ಹತ್ತಿ ಒತ್ತಿಕೊಂಡು ಗೋಡೆಗೆ ಒರಗಿದ್ದರು. ಕೌಂಟರಿನಾಕೆ ತಂತಿಯನ್ನು ಕಂಡದ್ದೇ, ಮುಳುಗುವವಳಿಗೆ ದಡ ಸಿಕ್ಕಂತೆ ಕೈ ಬೀಸಿದಳು.

"ಅಯ್ಯೋ ಮೇಡಂ, ಈಗಷ್ಟೇ ನಿಮ್ಮ ಆಫೀಸಿಗೆ ಫೋನ್ ಹಚ್ಚಿದ್ದೆ! ಎಲ್ಲಾ ಪೇಷೆಂಟೂ ಮಾಯ. ಇಷ್ಟು ತಿಂಗಳು ಬರೆದವರು ಒಬ್ಬರೂ ಇಲ್ಲ. ಒಬ್ಬನೇ ಒಬ್ಬ ಉಳಿದಿದಾನೆ, ಅವನು ಯಾರೋ ನನಗೇ ಗೊತ್ತಿಲ್ಲ."

ತಂತಿ ಅಮ್ಮನನ್ನು ಮುಂದಿನ ಬೆಂಚಿನ ತುದಿಯಲ್ಲಿ ಕೂರಿಸಿ, ಕೌಂಟರಿನ ಹಿಂದೆ ಹೋಗಿ ಕುಳಿತಳು. ಈ ಸಲ ಚಪ್ಪಲಿ ಬಿಡಲಿಲ್ಲ. ಪರದೆಯ ಮೇಲೆ ಬಿಳೀ ಜಾಗದ ನಡುವೆ ಒಂದೇ ಒಂದು ಸಾಲಿತ್ತು.

"ನಿನ್ನೆ ಏನಾದ್ರೂ ಮಾಡಿದ್ರಾ?"

"ಏನೂ ಇಲ್ಲಪ್ಪ. ಸ್ಕ್ರೀನ್ ತುಂಬಾ ಗಲೀಜಾಗಿತ್ತು. ನಾಲ್ಕು ಗಂಟೆಗೆ ಸ್ವಲ್ಪ ಬಿಡುವಾಯ್ತು. ನಿಮ್ಮ ಪ್ರೋಗ್ರಾಮನ್ನ ಮುಚ್ಚಿ, ಬೇರೆ ಫೋಲ್ಡರಿಗೆ ಹಾಕಿ ಅಂದವಾಗಿ ಇಟ್ಟು, ಮತ್ತೆ ತೆರೆದಿಟ್ಟೆ. ಆಮೇಲೆ ಯಾರೂ ಬರಲಿಲ್ಲ, ಒಳಗೆ ನೋಡಲಿಲ್ಲ."

ಅಷ್ಟೇ. ಹೊಸ ಫೋಲ್ಡರಿಗೆ ಹೋದ ಪ್ರೋಗ್ರಾಮು, ಅವಳು ಹೇಳಿಕೊಟ್ಟಂತೆ, ತಾನಿದ್ದಲ್ಲೇ ಫೈಲು ಹುಡುಕಿತು. ಅಲ್ಲಿ ಇರಲಿಲ್ಲ. ಇಲ್ಲ ಎನ್ನಲು ಅದಕ್ಕೆ ಬಾರದು. ಹೊಸದೊಂದು ಖಾಲಿ ಫೈಲು ಹುಟ್ಟಿಸಿತು. ಖಾಲಿಯಾದ್ದರಿಂದ ಮಿಡತೆ ಬಂದ. ಐದು ಗಂಟೆಗೆ, ನಾಳೆ ಬರಬೇಕಾದ ಒಬ್ಬನೇ ಒಬ್ಬನ ಮನೆಗೆ ಫೋನು ಹೋಯಿತು. ನಿಜವಾದ ರೋಗಿಗಳೆಲ್ಲ ಹಳೆಯ ಫೋಲ್ಡರಿನಲ್ಲಿ ಕೂದಲೂ ಕೊಂಕದೆ ಇದ್ದರು. ಪೂರ್ತಿ ದಾರಿಯನ್ನು ಬರೆದು, ಪ್ರೋಗ್ರಾಮನ್ನು ಮುಚ್ಚಿ ತೆರೆದರೆ ಸಾಕು. ಅವರೆಲ್ಲ ವಾಪಸು ಬರುತ್ತಾರೆ, ಅವನು ಹೋಗುತ್ತಾನೆ.

ಅವಳು ದಾರಿಯನ್ನು ಬರೆದಳು. ಮುಚ್ಚುವ ಮುಂಚೆ ಕೌಂಟರಿನ ಗಾಜಿನಾಚೆ ನೋಡಿದಳು.

ಅಮ್ಮ ಒಬ್ಬೊಬ್ಬ ಗಂಡಸಿನ ಕಿವಿಯನ್ನೂ ನೋಡುತ್ತಿದ್ದಳು. ಬಾಗಿಲಲ್ಲಿ ಯಾರು ಬಂದರೂ ಅರ್ಧ ಏಳುತ್ತಿದ್ದಳು, ಆಮೇಲೆ ಬಟ್ಟೆ ಸರಿಮಾಡಿಕೊಳ್ಳುವವಳಂತೆ ನಟಿಸಿ ಕೂರುತ್ತಿದ್ದಳು. ಪಕ್ಕದಲ್ಲಿದ್ದ ಕಪ್ಪು ಕನ್ನಡಕದ ಮನುಷ್ಯನೊಬ್ಬ ಮುಜುಗರಪಟ್ಟು ಕಿವಿ ಉಜ್ಜಿಕೊಂಡ. ಈಗ ಮಿಡತೆಯನ್ನು ಅಳಿಸಿದರೆ ಹತ್ತು ಗಂಟೆಗೆ ಯಾರೂ ಆ ಹೆಸರನ್ನು ಕೂಗುವುದಿಲ್ಲ. ಅಮ್ಮ ಸಂಜೆಯವರೆಗೂ ಹೀಗೇ ಕೂರುತ್ತಾಳೆ. ನಾಳೆ ಮತ್ತೆ ಬರುತ್ತಾಳೆ, ನಾಡಿದ್ದೂ ಬರುತ್ತಾಳೆ. ಇಷ್ಟು ದಿನ ಫೋನಿನ ಪಕ್ಕ ಕಾದವಳು ಇನ್ನು ಮೇಲೆ ಈ ಬೆಂಚಿನ ಮೇಲೆ, ಕಂಡ ಕಂಡವರ ಕಿವಿ ನೋಡುತ್ತ ಸಾಯುತ್ತಾಳೆ. ತಂತ್ರಜ್ಞಾನ ಗಿಂತ್ರಜ್ಞಾನ ಎಲ್ಲ ಒತ್ತಟ್ಟಿಗಿರಲಿ, ಇದನ್ನು ಮಾಡಿದವಳು ನಾನು ಎಂದುಕೊಂಡಳು ತಂತಿ.

"ಎರಡು ನಿಮಿಷ" ಎಂದು ಕೌಂಟರಿನಾಕೆಗೆ ಹೇಳಿ ಎದ್ದು, ಹೋಗಿ ಅಮ್ಮನ ಪಕ್ಕ ಕುಳಿತಳು.

"ಅಮ್ಮ. ನಿನ್ನೆ ಬಂದ ಫೋನು ಅವನದ್ದಲ್ಲ."

ಅಮ್ಮ ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ. "ಅವನದ್ದಲ್ಲ, ಗೊತ್ತು. ಆ ಹೆಂಗಸಿನದು."

"ಹೆಂಗಸೂ ಇಲ್ಲಮ್ಮ. ಅದು ಕಂಪ್ಯೂಟರು. ಈ ಆಸ್ಪತ್ರೆಗೆ ಅದನ್ನ ಮಾಡಿಕೊಟ್ಟಿದ್ದು ನಾನು. ಕೆಲಸ ಸರಿಯಾಗಿದೆಯಾ ಅಂತ ನೋಡೋಕೆ ಯಾವುದಾದ್ರೂ ಒಂದು ಹೆಸರು ಬರೀಬೇಕು. ನಾನು ಅವನ ಹೆಸರು ಬರೀತೀನಿ. ನಮ್ಮ ನಂಬರು ಬರೀತೀನಿ. ಅದು ಹೇಗೋ ತಪ್ಪಿ ಇಲ್ಲೇ ಉಳ್ಕೊಂಡಿತು. ನಂದೇ ತಪ್ಪು. ಅವನು ಬಂದಿಲ್ಲ. ಯಾರೂ ಬಂದಿಲ್ಲ."

ಬಯ್ಯಲಿ, ಹೊಡೆಯಲಿ, ಎಲ್ಲರೆದುರು ಅಳಲಿ ಎಂದು ತಂತಿ ತಲೆ ತಗ್ಗಿಸಿ ಕಾದಳು. ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಾಗುತ್ತ ಹೋಗುವ ಅಕ್ಷರಗಳ ಹಾಳೆಯಿತ್ತು, ಅಮ್ಮ ಅದನ್ನೇ ನೋಡುತ್ತಿದ್ದಳು.

"ನೀನು ಬರೀತೀಯಾ?"

"ಹೂಂ."

"ಯಾವಾಗಿಂದ?"

"ಕೆಲಸಕ್ಕೆ ಸೇರಿದಾಗಿಂದ. ದಿನಾ."

ಅಮ್ಮ ಈಗ ಮಗಳ ಕಡೆ ತಿರುಗಿದಳು. ಹೊಸಬರನ್ನು ನೋಡುವಂತೆ ನೋಡಿದಳು. "ಅಲ್ಲಿ ಅವನಿಗೆ ಎಷ್ಟು ವಯಸ್ಸು?"

"ಮೂವತ್ತೇಳು."

"ಸರಿಯಾಗಿದೆ." ಅಮ್ಮ ಬೆರಳು ಮಡಿಚಲಿಲ್ಲ, ಲೆಕ್ಕ ಹಾಕಲಿಲ್ಲ, ಅವಳಿಗೂ ಅದು ನಾಲಿಗೆಯ ತುದಿಯಲ್ಲೇ ಇತ್ತು. "ಕಣ್ಣಿಗೆ ಏನಾಗಿದೆ ಅಂತ ಬರೆದಿದೀಯ?"

"ದೂರದ್ದು ಕಾಣಲ್ಲ ಅಂತ."

"ಹೂಂ. ಅಪ್ಪನ ಕಣ್ಣೇ ಬಂದಿರತ್ತೆ." ಅಮ್ಮ ತಲೆಯಾಡಿಸಿದಳು. "ನಾನೊಬ್ಬಳೇ ಅಂದ್ಕೊಂಡಿದ್ದೆ ಕಣೇ. ಇಷ್ಟು ವರ್ಷ, ನಾನೊಬ್ಬಳೇ ಅವನನ್ನ ಇಟ್ಕೊಂಡಿದೀನಿ, ನಾನು ಬಿಟ್ರೆ ಅವನಿಗೆ ಯಾರೂ ಇಲ್ಲ ಅಂತ. ಅದಕ್ಕೇ ಬಿಡೋಕಾಗ್ಲಿಲ್ಲ."

ತಂತಿ ಅಮ್ಮನ ಕೈ ಹಿಡಿದುಕೊಂಡಳು. ಇಸ್ತ್ರಿ ಹಾಕುವಾಗ ಸುಟ್ಟುಕೊಂಡ ಗುರುತೊಂದು ಹೆಬ್ಬೆರಳ ಬಳಿ ಉಬ್ಬಿತ್ತು.

ಹತ್ತು ಗಂಟೆಯಾಯಿತು. ಬೆಂಚಿನವರು ನಾನು ಮೊದಲು, ತಾನು ಮೊದಲು ಎಂದು ಕೌಂಟರಿನಾಕೆಯ ತಲೆ ತಿನ್ನುತ್ತಿದ್ದರು. ಅವಳಿಗೆ ರೇಗಿತು. ಪರದೆಯಲ್ಲಿ ಇದ್ದದ್ದು ಒಂದೇ ಹೆಸರು. ಅದನ್ನೇ ಎತ್ತಿ ಕೂಗಿದಳು.

"ಮಿಡತೆ! ಮಿಡತೆ ಯಾರ್ರೀ?"

ಯಾರೋ ಕಿಸಕ್ಕೆಂದರು. ಬೆಂಚುಗಳಲ್ಲಿ ನಗು ಹರಡಿತು. ಆದರೆ ಆ ಇಬ್ಬರು ಹೆಂಗಸರ ಮೈಮೇಲಿನ ಕೂದಲು ನಿಮಿರಿ ನಿಂತಿತ್ತು. ಅವನು ಇಳಿದುಹೋದ ಮೇಲೆ ಆ ಹೆಸರನ್ನು ಮನುಷ್ಯರ ಗಂಟಲಿನಲ್ಲಿ, ಅಷ್ಟು ಗಟ್ಟಿಯಾಗಿ, ಈಗಲೇ ಎದ್ದು ಬರುತ್ತಾನೆ ಎಂಬ ನಂಬಿಕೆಯಿಂದ ಯಾರೂ ಕೂಗಿರಲಿಲ್ಲ. ನಗು ನಿಂತ ಮೇಲೆ ಕೋಣೆಯಲ್ಲಿ ಒಂದು ಗಳಿಗೆ ಎಲ್ಲರೂ ಸುತ್ತ ನೋಡಿದರು. ಬಾಗಿಲ ಪರದೆ ಸುಮ್ಮನೆ ಗಾಳಿಗೆ ಅಲುಗಿತು. ಆ ಗಳಿಗೆಯಲ್ಲಿ ಅವನು ಬಂದಿದ್ದರೆ ಅಲ್ಲಿದ್ದ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ.

"ಮೂರು ಸಲ ಕೂಗ್ತೀನಿ, ಅಷ್ಟೇ. ಬರಲಿಲ್ಲ ಅಂದ್ರೆ ಬಂದಿಲ್ಲ ಅಂತ ಒತ್ತಿ ಮುಂದಿನವರನ್ನ ಕರೀತೀನಿ" ಎಂದು ಕೌಂಟರಿನಾಕೆ ಎಲ್ಲರಿಗೂ ಸೇರಿಸಿ ಬೈದು, ಮತ್ತೆ ಕೂಗಿದಳು. "ಮಿಡತೆ!"

ಅಮ್ಮ ಎದ್ದಳು. ಮಗಳ ಕೈಯಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಕೌಂಟರಿನ ಬಳಿ ಹೋಗಿ ನಿಂತಳು. ಬಟ್ಟೆಯಲ್ಲಿ ಒಂದು ಸುಕ್ಕೂ ಇರಲಿಲ್ಲ. ಅಂಗಡಿಯಲ್ಲಿ ಏನೋ ಬೇಡ ಎಂದು ವಾಪಸು ಕೊಡುವವರ ದನಿಯಲ್ಲಿ, "ಅವನು ಬರಲ್ಲಮ್ಮ" ಎಂದಳು. "ಪಾಪ, ಎಲ್ಲರೂ ಕಾಯ್ತಿದಾರೆ. ಮುಂದಿನವರನ್ನ ಕರಿ."

ಇದೇ ಮಾತನ್ನು ಅಮ್ಮನ ಬಾಯಿಂದ ಕೇಳಬೇಕೆಂದು ತಂತಿ ಎಷ್ಟು ವರ್ಷ ಹಠ ಮಾಡಿದ್ದಳು, ಎಷ್ಟು ಜಗಳ ಆಡಿದ್ದಳು. ಈಗ ಕೇಳಿದ್ದೇ ಬೆಂಚಿನಿಂದ ಎದ್ದುಬಿಟ್ಟಳು. ಅವನು ಬರಲ್ಲ ಎಂದು ತಾನು ಅಷ್ಟು ಧೈರ್ಯವಾಗಿ ಹೇಳುತ್ತಿದ್ದದ್ದು, ಬರುತ್ತಾನೆ ಎಂದು ಕಾಯಲು ಮನೆಯಲ್ಲಿ ಅಮ್ಮ ಇದ್ದಾಳೆ ಎಂಬ ನೆಚ್ಚಿಕೆಯಿಂದ. ಅದು ಅವಳಿಗೆ ಈವರೆಗೆ ತಿಳಿದೇ ಇರಲಿಲ್ಲ. ಇನ್ನು ಕಾಯುವವರು ಯಾರು?

ಕೌಂಟರಿನಾಕೆಯ ಬೆರಳು ಗುಂಡಿಯ ಕಡೆ ಹೋಯಿತು.

"ತಡೀರಿ" ಎಂದಳು ತಂತಿ. "ಮೂರು ಸಲ ಅಂದ್ರಲ್ಲ. ಎರಡೇ ಆಗಿದ್ದು. ಇನ್ನೊಂದು ಸಲ ಕೂಗಿ."

"ಬರಲ್ಲ ಅಂತ ಇವರೇ ಹೇಳ್ತಿದಾರಲ್ಲ ಮೇಡಂ..."

"ಕೂಗಿ."

ಕೌಂಟರಿನಾಕೆ ತಾಯಿಯ ಮುಖ ನೋಡಿದಳು, ಮಗಳ ಮುಖ ನೋಡಿದಳು. ಆಮೇಲೆ, ಈ ಸಲ ರೇಗದೆ, ಮನೆಯೊಳಗಿಂದ ಯಾರನ್ನೋ ಊಟಕ್ಕೆ ಕರೆಯುವಷ್ಟೇ ಗಟ್ಟಿಯಾಗಿ, ಮೂರನೆಯ ಸಲ ಕೂಗಿದಳು.